ಯಾವುದಾದರೂ ಆಗುತ್ತೆ

ನಮ್ಮ ಕಾರಿನ ಟೇಪ್ ರೆಕಾರ್ಡರ್ ಕೆಟ್ಟಿದ್ದು 2008ರ ಮಳೆಗಾಲದಲ್ಲಿ. ಕೆಟ್ಟಿತು ಎಂದರೆ ಒಂದೇ ದಿನಕ್ಕೆ ಕಣ್ಣು ಮುಚ್ಚಿದ್ದಲ್ಲ. ವಯಸ್ಸಾದವರ ಹಾಗೆ ಮೊದಲು ನಿಧಾನವಾಯಿತು, ಪಿ.ಬಿ. ಶ್ರೀನಿವಾಸರ ಹಾಡು ನಿದ್ದೆಗಣ್ಣಿನಲ್ಲಿ ಹಾಡಿದಂತೆ ಎಳೆದೆಳೆದು ಬರತೊಡಗಿತು. ಆಮೇಲೆ ಕ್ಯಾಸೆಟ್ ನುಂಗುವುದಕ್ಕೆ ಶುರುವಾಯಿತು. ಗುಂಡಿ ಒತ್ತಿ ಕ್ಯಾಸೆಟ್ ಎಳೆದರೆ ಅದರ ಹಿಂದೆಯೇ ಕಂದು ಬಣ್ಣದ ಟೇಪು ಶಾವಿಗೆಯಂತೆ ಈಚೆ ಬರುತ್ತಿತ್ತು. ಅದನ್ನು ಬಿಡಿಸಿ, ಪೆನ್ಸಿಲ್ ತೂರಿಸಿ, ತಿರುಗಿಸಿ ಒಳಗೆ ಸುತ್ತುವ ಕೆಲಸ ನನ್ನದು. ಕಾರಿನ ಮುಂದಿನ ಸೀಟಿನಲ್ಲಿ ಕೂರುವ ಹೆಂಡತಿಯ ಕರ್ತವ್ಯಗಳನ್ನು ಯಾವ ಶಾಸ್ತ್ರದಲ್ಲಿ ಬರೆದಿದ್ದಾರೋ ನಾನು ಕಾಣೆ. ಗಾಜಿನ ಮೇಲೆ ಕಟ್ಟಿದ ಆವಿ ಒರೆಸುವುದು, ಕಿತ್ತಳೆ ಸುಲಿದು ಬೀಜ ತೆಗೆದು ಕೊಡುವುದು, ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿದರೆ ಇನ್ನೊಂದು ಮಗ್ಗುಲಿಗೆ ತಿರುಗಿಸಿ ಹಾಕುವುದು, ಇವೆಲ್ಲ ಅವಳ ಪಾಲಿನವು. ಯಾವ ಕ್ಯಾಸೆಟ್ ಎಂಬುದು ಮಾತ್ರ ಸ್ಟೀರಿಂಗ್ ಹಿಡಿದವರ ಪಾಲಿನದು.

ಕಾರು 1998ರಲ್ಲಿ ಕೊಂಡ ನೀಲಿ ಬಣ್ಣದ ಮಾರುತಿ ಜೆನ್. ತಿಂಗಳಿಗೊಮ್ಮೆ ಶಿವಮೊಗ್ಗದಿಂದ ತೀರ್ಥಹಳ್ಳಿಗೆ, ಅಲ್ಲಿಂದ ಇನ್ನೂ ಎಂಟು ಕಿಲೋಮೀಟರ್ ಒಳಗಿರುವ ತೋಟದ ಮನೆಗೆ ಹೋಗಿಬರುವುದು ನಮ್ಮ ಪರಿಪಾಠ. ಅರವತ್ತು ಚಿಲ್ಲರೆ ಕಿಲೋಮೀಟರ್ ದಾರಿ. ಗಾಜನೂರು, ಸಕ್ರೆಬೈಲು, ಮಂಡಗದ್ದೆ. ಒಂದು ಕಡೆ ತುಂಗೆ, ಇನ್ನೊಂದು ಕಡೆ ಕಾಡು. ಮುಂದೆ ನಾವಿಬ್ಬರು, ಹಿಂದೆ ಅತ್ತೆ ಮತ್ತು ಮಗಳು. ಹೊರಟ ಕೂಡಲೇ ದಾಸರ ಪದದ ಕ್ಯಾಸೆಟ್, ಭೀಮಸೇನ ಜೋಶಿಯವರದು. "ಅಮ್ಮನಿಗೆ ಇಷ್ಟ" ಎಂದು ಇವರು ಹಾಕುತ್ತಿದ್ದರು. ಗಾಜನೂರು ದಾಟುತ್ತಿದ್ದಂತೆ ಆ ಋಣ ತೀರಿತು ಎಂಬಂತೆ ತಮ್ಮ ಮುಖೇಶ್‌ನನ್ನೋ, ಅಶ್ವಥ್‌ರನ್ನೋ ಹೊರತೆಗೆಯುತ್ತಿದ್ದರು. ಹಾಗೆಂದು ನಮ್ಮವರು ದಬ್ಬಾಳಿಕೆಯ ಮನುಷ್ಯ ಎಂದು ನೀವು ತಿಳಿಯಬಾರದು. ಪ್ರತಿಸಲವೂ ಕನ್ನಡಿಯಲ್ಲಿ ನೋಡುತ್ತಾ "ಅಮ್ಮ, ಯಾವುದು ಹಾಕ್ಲಿ?" ಎಂದು ಕೇಳಿಯೇ ಕೇಳುತ್ತಿದ್ದರು. ಅತ್ತೆಯ ಉತ್ತರವೂ ಪ್ರತಿಸಲ ಒಂದೇ. "ಯಾವುದಾದರೂ ಆಗುತ್ತೆ ಕಣೋ."

ಮಗಳು ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಳು. ಅಮೆರಿಕದಿಂದ ಬಂದ ಅವಳ ಚಿಕ್ಕಪ್ಪ ಒಂದು ಐಪಾಡ್ ತಂದುಕೊಟ್ಟಿದ್ದ. ಕಡ್ಡಿಪೆಟ್ಟಿಗೆಗಿಂತ ತುಸು ಉದ್ದ, ಅದಕ್ಕಿಂತ ತೆಳ್ಳಗೆ; ಅದರೊಳಗೆ ನಮ್ಮ ಶೋಕೇಸಿನ ಅಷ್ಟೂ ಕ್ಯಾಸೆಟ್ಟು ಹಿಡಿದು ಇನ್ನೂ ಜಾಗ ಮಿಗುತ್ತದೆ ಎಂದಾಗ ನಾನು ನಂಬಲಿಲ್ಲ. ರಜೆಗೆ ಬಂದಾಗ ಕಾರು ಹತ್ತಿದವಳೇ ಎರಡು ಕಿವಿಗೂ ಅದರ ದಾರ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿಬಿಡುವಳು. ಇವರಿಗೆ ಅದು ಸಹಿಸದು. "ಕಾರಿನಲ್ಲಿ ನಾಲ್ಕು ಜನ ಇದ್ದೀವಿ, ಇವಳೊಬ್ಬಳು ಬೇರೆ ಊರಿನಲ್ಲಿದ್ದಾಳೆ ನೋಡು" ಎನ್ನುವರು. ಒಂದು ದಿನ ಅವಳು ಕಿವಿಯಿಂದ ದಾರ ತೆಗೆದು ಹೇಳಿಯೇಬಿಟ್ಟಳು: "ಹತ್ತು ವರ್ಷದಿಂದ ನಿಮ್ಮ ಹಾಡು ನಾನು ಕೇಳ್ತಾ ಇದ್ದೀನಲ್ಲ ಅಪ್ಪ, ನನ್ನ ಒಂದು ಹಾಡು ನೀವು ಕೇಳಿದ್ದೀರಾ?" ಇವರು ಉತ್ತರ ಹೇಳದೆ ಎದುರಿಗೆ ಬರುತ್ತಿದ್ದ ಲಾರಿಗೆ ಅಗತ್ಯಕ್ಕಿಂತ ಹೆಚ್ಚಾಗಿ ಹಾರನ್ ಮಾಡಿದರು.

ಒಬ್ಬರೇ ಕೇಳುವ ಯಂತ್ರದ ಬಗ್ಗೆ ಈ ಕಸಿವಿಸಿ ನಮ್ಮ ಮನೆಯದಷ್ಟೇ ಅಲ್ಲ. ಸೋನಿ ಕಂಪನಿಯ ಅಕಿಯೊ ಮೊರಿಟಾ ತಮ್ಮ ಪುಸ್ತಕದಲ್ಲಿ ಒಂದು ಪ್ರಸಂಗ ಬರೆದಿದ್ದಾರೆ. ವಾಕ್‌ಮನ್ ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಅದನ್ನು ಮನೆಗೆ ತಂದು ಕಿವಿಗೆ ಹಾಕಿಕೊಂಡು ಕೂತರೆ ಹೆಂಡತಿಗೆ ಬೇಸರವಾಯಿತಂತೆ, ತನ್ನನ್ನು ಹೊರಗಿಟ್ಟ ಹಾಗಾಯಿತು ಅಂತ. ಹಾಗಾಗಿ 1979ರಲ್ಲಿ ಬಂದ ಮೊದಲ ವಾಕ್‌ಮನ್‌ಗೆ ಇಬ್ಬರು ಕೇಳಲು ಎರಡು ತೂತುಗಳಿದ್ದವು. ಜೊತೆಗೆ ಒಂದು ಕಿತ್ತಳೆ ಬಣ್ಣದ ಗುಂಡಿ; ಅದನ್ನು ಒತ್ತಿದರೆ ಹಾಡು ತಗ್ಗಿ, ಕೇಳುವವರಿಬ್ಬರೂ ಪರಸ್ಪರ ಮಾತಾಡಬಹುದಿತ್ತು. ಕೊಂಡವರು ಮಾತ್ರ ಒಬ್ಬೊಬ್ಬರೇ ಕೇಳುತ್ತಾ ಹೋದರು. ಮುಂದಿನ ಮಾದರಿಗಳಲ್ಲಿ ಆ ಗುಂಡಿ ಮಾಯವಾಯಿತು. ಆ ಹೆಣ್ಣುಮಗಳು ಬೇಸರವನ್ನು ಬಾಯಿಬಿಟ್ಟು ತೋರಿಸಿದ್ದರಿಂದಲ್ಲವೇ ಯಂತ್ರಕ್ಕೆ ಎರಡನೆಯ ತೂತು ಬಿದ್ದದ್ದು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಇರಲಿ, ಕಾರಿಗೆ ಬರುತ್ತೇನೆ. ಮೊದಲು ಮಗಳು ಒಂದು ಉಪಾಯ ತಂದಳು. ಕ್ಯಾಸೆಟ್ಟಿನ ಆಕಾರದ್ದೇ ಒಂದು ಡಬ್ಬಿ, ಅದಕ್ಕೊಂದು ಬಾಲದಂತೆ ವೈರು. ವೈರನ್ನು ಐಪಾಡಿಗೆ ಸಿಕ್ಕಿಸಿ ಡಬ್ಬಿಯನ್ನು ಟೇಪ್ ರೆಕಾರ್ಡರಿಗೆ ತುರುಕಿದರೆ, ಒಳಗಿನ ಹೆಡ್ಡು ಟೇಪೇ ಓಡುತ್ತಿದೆ ಎಂದು ಮೋಸಹೋಗಿ ಹಾಡುತ್ತದೆ. ನಮ್ಮ ಮುದುಕ ರೆಕಾರ್ಡರ್ ಎರಡು ಹಾಡಿನ ಮಟ್ಟಿಗೆ ಮೋಸಹೋಗಿ, ಆಮೇಲೆ ಅದನ್ನೂ ಉಗುಳಿತು. ಸಿಗರೇಟು ಹಚ್ಚುವ ತೂತಿಗೆ ಸಿಕ್ಕಿಸಿ ಎಫ್‌ಎಂ ರೇಡಿಯೋದಲ್ಲಿ ಕೇಳುವ ಇನ್ನೊಂದು ಸಾಧನವನ್ನೂ ನೋಡಿದ್ದಾಯಿತು. ತಿರುವು ತಿರುವಿಗೂ ಗೊರಗೊರ. ಕಡೆಗೆ ಹೊಸ ಸೆಟ್ಟೇ ಗತಿ ಎಂದು ತೀರ್ಮಾನವಾಗಿ, ಒಂದು ಶನಿವಾರ ಮೂವರೂ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋದೆವು. ಅತ್ತೆ ಮನೆಯಲ್ಲೇ ಉಳಿದರು. ಅವರನ್ನು ಬರುತ್ತೀರಾ ಎಂದು ಯಾರೂ ಕೇಳಲಿಲ್ಲ, ಕೇಳಬೇಕು ಎಂದು ಹೊಳೆಯಲೂ ಇಲ್ಲ.

ಅಂಗಡಿಯ ಹುಡುಗ ಜಾಣ. ಕಾರಿನ ಸೆಟ್ಟುಗಳ ಜಾಗ ಬಹುತೇಕ ಒಂದೇ ಅಳತೆಯದು, ಸುಮಾರು ಏಳು ಇಂಚು ಅಗಲ ಎರಡು ಇಂಚು ಎತ್ತರ, ಆದ್ದರಿಂದ ಯಾವುದು ಬೇಕಾದರೂ ಕೂರುತ್ತದೆ, ಚಿಂತೆ ಬೇಡ ಎಂದ. ತೊಡಕು ಇರುವುದು ಹಾಡು ಎಲ್ಲಿಂದ ಬರಬೇಕು ಎನ್ನುವುದರಲ್ಲಿ. ಮೂರು ಸೆಟ್ಟು ಮುಂದಿಟ್ಟ. ಒಂದರಲ್ಲಿ ಸಿಡಿ ಓಡುತ್ತದೆ, ಮುಂದುಗಡೆ 'ಆಕ್ಸ್' ಎಂಬ ಸಣ್ಣ ತೂತಿದೆ. ಇಯರ್‌ಫೋನ್ ಸಿಕ್ಕಿಸುವ ಯಾವ ಯಂತ್ರವನ್ನಾದರೂ ಒಂದು ವೈರಿನಿಂದ ಅದಕ್ಕೆ ಜೋಡಿಸಬಹುದು. ಆದರೆ ಸೆಟ್ಟಿಗೆ ಬರುವುದು ಬರೀ ದನಿ. ಹಾಡು ಬದಲಿಸುವುದು, ನಿಲ್ಲಿಸುವುದು ಆಟಿಕೆ ಹಿಡಿದವರ ಕೈಯಲ್ಲೇ ಉಳಿಯುತ್ತದೆ. ಎರಡನೆಯದರಲ್ಲಿ ಯುಎಸ್‌ಬಿ ಇದೆ; ಪೆನ್‌ಡ್ರೈವ್ ಚುಚ್ಚಿದರೆ ಸೆಟ್ಟೇ ಓದಿಕೊಂಡು ಹಾಡುತ್ತದೆ, ಡ್ರೈವರ್ ತನ್ನ ಗುಂಡಿಯಿಂದಲೇ ಹಾಡು ಬದಲಿಸಬಹುದು. ಆದರೆ ಐಪಾಡನ್ನು ಓದುವುದು ಅದಕ್ಕೆ ಬಾರದು. ಐಪಾಡ್ ಹಾಡುಗಳ ಹೆಸರನ್ನೆಲ್ಲ ಅಳಿಸಿ, ನಾಲ್ಕು ನಾಲ್ಕು ಅಕ್ಷರದ ಗೂಢ ಹೆಸರು ಕೊಟ್ಟು ಮರೆಯಲ್ಲಿ ಇಟ್ಟಿರುತ್ತದೆಯಂತೆ. ಅದರ ಭಾಷೆ ಬಲ್ಲ ಸೆಟ್ಟು ಮೂರನೆಯದು, ಬೆಲೆ ಹೆಚ್ಚುಕಡಿಮೆ ಇಮ್ಮಡಿ.

ಮಗಳಿಗೆ ಮೂರನೆಯದು ಬೇಕು. ಇವರಿಗೆ ಎರಡನೆಯದು, ಹಾಡಿನ ಗುಂಡಿ ತಮ್ಮ ಕೈಯಲ್ಲಿರುತ್ತದೆ ಎಂದು. ಹಾಗೆಂದು ಬಾಯಲ್ಲಿ ಹೇಳಲಿಲ್ಲ. "ಡ್ರೈವಿಂಗ್‌ಗೆ ಸೇಫು" ಎಂದರು. ಕ್ಯಾಸೆಟ್ಟೂ ಓಡುವಂಥದು ಸಿಗುವುದೇ ಎಂದು ಆಸೆಯಿಂದ ವಿಚಾರಿಸಿದರು. ಅದು ಈಗ ಬರ್ತಾ ಇಲ್ಲ ಸರ್ ಎಂದ ಹುಡುಗ. ಅಪ್ಪ ಮಗಳ ವಾದ ಕಾಲು ಗಂಟೆ ನಡೆಯಿತು. ಇಬ್ಬರೂ ಜಗ್ಗದಿದ್ದಾಗ ಹುಡುಗ ನನ್ನ ಕಡೆ ತಿರುಗಿ "ಮೇಡಂ, ನಿಮಗೆ ಯಾವುದು ಬೇಕು?" ಎಂದ.

"ಯಾವುದಾದರೂ ಆಗುತ್ತೆ" ಎಂದೆ.

ಹೇಳಿದ ಮೇಲೆ ನನಗೇ ಕಿವಿಯಲ್ಲಿ ಏನೋ ಕುಟುಕಿದಂತಾಯಿತು. ಅತ್ತೆಯ ಮಾತು, ಅದೇ ರಾಗ, 'ಆಗುತ್ತೆ'ಯ ಮೇಲೆ ಅದೇ ಸಣ್ಣ ಎಳೆತ. ಇಪ್ಪತ್ತಮೂರು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದರೆ ಸಾರಿನ ಹದ ಮಾತ್ರವಲ್ಲ, ಮಾತಿನ ಹದವೂ ದಾಟಿಕೊಂಡು ಬರುತ್ತದೆ ಎಂದು ಕಾಣುತ್ತದೆ. ನನ್ನ ಮಾತನ್ನು ಆ ಮೂವರಲ್ಲಿ ಯಾರೂ ಗಮನಿಸಲಿಲ್ಲ. ಕೊನೆಗೆ ಜಗಳಕ್ಕೆ ಬೆಲೆಯೇ ತೀರ್ಪು ಕೊಟ್ಟು, ಆಕ್ಸ್ ತೂತಿನ ಮೊದಲನೆಯ ಸೆಟ್ಟು ನಾಲ್ಕೂವರೆ ಸಾವಿರಕ್ಕೆ ನಮ್ಮದಾಯಿತು.

ಕೂರಿಸುವಾಗ ಹುಡುಗ ಹಳೆಯ ಸೆಟ್ಟನ್ನು ಎಳೆದು ತೆಗೆದ. ಹಿಂದೆ ಬಣ್ಣಬಣ್ಣದ ವೈರುಗಳ ಜಡೆ. ಹಳದಿಯದು ಸದಾ ಬ್ಯಾಟರಿಯಿಂದ ಬರುವುದು, ಸೆಟ್ಟಿನ ನೆನಪು ಅದರಿಂದಲೇ; ಕೆಂಪು ಕೀ ತಿರುಗಿಸಿದಾಗ ಮಾತ್ರ; ಇವೆರಡು ಅದಲುಬದಲಾದರೆ ಸೆಟ್ಟು ಪ್ರತಿಸಲ ಎಲ್ಲವನ್ನೂ ಮರೆಯುತ್ತದೆ ಎಂದು ಮಗಳಿಗೆ ಪಾಠ ಹೇಳಿದ. ಆಮೇಲೆ ಸ್ಪೀಕರ್ ಪರೀಕ್ಷೆ ಮಾಡುತ್ತಾ ನಿಂತುಬಿಟ್ಟ. "ಸರ್, ಮುಂದಿನ ಎರಡು ಸ್ಪೀಕರ್ ಕೆಲಸಾನೇ ಮಾಡ್ತಿಲ್ವಲ್ಲ. ಬಾಗಿಲು ತೆಗೆದು ಹಾಕಿ ತೆಗೆದು ಹಾಕಿ ಒಳಗೆ ವೈರು ಕಟ್ಟಾಗಿದೆ. ಯಾವ ಕಾಲದಿಂದ ಹೀಗಿದೆಯೋ! ದನಿಯೆಲ್ಲ ಹಿಂದಿನವೆರಡರಿಂದಲೇ ಬರ್ತಿತ್ತು." ಮತ್ತೆ ಸುಮ್ಮನೆ ಕೇಳಿದ: "ಹಿಂದೆ ಯಾರು ಕೂರ್ತಾರೆ?"

ಹಿಂದಿನ ಸ್ಪೀಕರುಗಳು ಎಲ್ಲಿರುತ್ತವೆ ಎಂಬುದು ನಿಮಗೆ ಗೊತ್ತಿರಬಹುದು. ಹಿಂಸೀಟಿನ ಬೆನ್ನಿಗೆ, ಗಾಜಿನ ಕೆಳಗಿನ ಹಲಗೆಯ ಮೇಲೆ. ಅಂದರೆ ಕೂತವರ ಕತ್ತಿನ ಹಿಂದೆ, ಒಂದು ಗೇಣು ದೂರದಲ್ಲಿ. "ಮೇಡಂ, ನೀವು ಹಿಂದೆ ಕೂತು ನೋಡಿ" ಎಂದ ಹುಡುಗ. ಹತ್ತು ವರ್ಷದಲ್ಲಿ, ಹಾಡು ಹಾಕಿದ ಕಾರಿನ ಹಿಂಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಮುಂದೆ ಸಾಧಾರಣವಾಗಿ ಕೇಳುವಷ್ಟಕ್ಕೆ ಇವರು ದನಿ ಏರಿಸಿದರು. ತಬಲಾದ ಒಂದೊಂದು ಪೆಟ್ಟೂ ನನ್ನ ಬುರುಡೆಯೊಳಗೇ ಬಿದ್ದಂತಾಯಿತು. ಎರಡು ನಿಮಿಷ ತಡೆಯಲಾಗಲಿಲ್ಲ. ನಾವು ಮುಂದೆ ಸರಿಯಾಗಿ ಕೇಳದು ಎಂದು ದನಿ ಹೆಚ್ಚಿಸುತ್ತಿದ್ದೆವು. "ಅಮ್ಮನಿಗೂ ಕೇಳಲಿ" ಎಂದು ಇನ್ನಷ್ಟು ಹೆಚ್ಚಿಸುತ್ತಿದ್ದೆವು. ಅತ್ತೆ ಕಾರು ಹತ್ತಿದ ಸ್ವಲ್ಪ ಹೊತ್ತಿಗೆ ಸೆರಗನ್ನು ತಲೆಯ ಮೇಲೆ ಎಳೆದು ಎರಡೂ ಕಿವಿ ಮುಚ್ಚಿ ಸುತ್ತಿಕೊಳ್ಳುತ್ತಿದ್ದರು. ಅಮ್ಮನಿಗೆ ಚಳಿ, ಗಾಜು ಏರಿಸು ಎನ್ನುತ್ತಿದ್ದರು ಇವರು. ನಾನು ಏರಿಸುತ್ತಿದ್ದೆ.

ಮನೆಗೆ ಬಂದವಳೇ ಅತ್ತೆಯ ಮುಂದೆ ಕೂತೆ. ಅವರು ಹೂಬತ್ತಿ ಹೊಸೆಯುತ್ತಿದ್ದರು.

"ಅಷ್ಟು ಜೋರಾಗಿ ಕೇಳ್ತಿತ್ತಲ್ಲ ಅತ್ತೆ, ಒಂದು ಮಾತು ಹೇಳಬಾರದಿತ್ತಾ?"

"ಎಂತ ಹೇಳೋದು. ಮೊದಮೊದಲು ತಲೆ ಸಿಡೀತಿತ್ತು. ಆಮೇಲೆ ರೂಢಿ ಆಯ್ತು."

"ಇವರು ಪ್ರತಿಸಲ ಕೇಳ್ತಿದ್ರಲ್ಲ!"

"ಯಾವ ಹಾಡು ಅಂತ ಕೇಳ್ತಿದ್ದ" ಎಂದರು ಅತ್ತೆ. ಸ್ವಲ್ಪ ಹೊತ್ತು ಬಿಟ್ಟು, "ನೀವೆಲ್ಲ ಹಾಡಿಕೊಂಡು ಬರ್ತಿದ್ರಿ. ಅದನ್ನ ನೋಡೋಕೆ ಚಂದ ಇತ್ತು. ಎಂತಕ್ಕೆ ಹಾಳು ಮಾಡೋದು" ಎಂದು ಮತ್ತೆ ಬತ್ತಿಗೆ ಕೈ ಹಾಕಿದರು.

ನಮ್ಮ ಭಾಷೆಯಲ್ಲಿ ಕಿವಿಗೊಡುವುದಕ್ಕೂ 'ಕೇಳುವುದು' ಎನ್ನುತ್ತೇವೆ, ಪ್ರಶ್ನಿಸುವುದಕ್ಕೂ 'ಕೇಳುವುದು' ಎನ್ನುತ್ತೇವೆ. ಎರಡನ್ನೂ ಒಟ್ಟಿಗೆ ಮಾಡಬೇಕು ಎಂಬ ನಿರೀಕ್ಷೆಯೇನಾದರೂ ಆ ಪದದಲ್ಲಿ ಇದ್ದೀತೇ ಎಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ನಾವು ಕೇಳಿದ್ದೆವು. ಅವರು ಉತ್ತರ ಕೊಟ್ಟಿದ್ದರು. ಕೋರ್ಟಿಗೆ ಹೋದರೂ ನಾವೇ ಗೆಲ್ಲುತ್ತಿದ್ದೆವು. ಆದರೂ ಆ ಹತ್ತು ವರ್ಷದಲ್ಲಿ ಏನೋ ತಪ್ಪು ನಡೆದಿತ್ತು, ಮತ್ತು ಅದು ಯಾರ ತಪ್ಪು ಎಂದು ಬೆರಳು ಮಾಡಲು ನನಗೆ ಬರಲಿಲ್ಲ.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ತಮ್ಮ ಬರಹದಲ್ಲಿ ಒಂದು ಹಳೆಯ ಲೆಕ್ಕವನ್ನು ಎತ್ತಿ ತೋರಿಸುತ್ತಾರೆ. 1943ರ ಬಂಗಾಳದ ಕ್ಷಾಮದ ಮರುವರ್ಷ, 1944ರಲ್ಲಿ, ಕಲ್ಕತ್ತೆಗೆ ಹತ್ತಿರದ ಸಿಂಗೂರಿನಲ್ಲಿ ಜನರ ಆರೋಗ್ಯದ ಸಮೀಕ್ಷೆ ನಡೆಯಿತು. ಹೆಂಡತಿಯನ್ನು ಕಳೆದುಕೊಂಡ ಗಂಡಸರಲ್ಲಿ ನೂರಕ್ಕೆ 48.5 ಮಂದಿ ತಮಗೆ ಕಾಯಿಲೆ, ಇಲ್ಲವೇ ಆರೋಗ್ಯ ಅಷ್ಟಕ್ಕಷ್ಟೇ ಎಂದು ಹೇಳಿದರು. ಗಂಡನನ್ನು ಕಳೆದುಕೊಂಡ ಹೆಂಗಸರಲ್ಲಿ ಹಾಗೆ ಹೇಳಿದವರು ನೂರಕ್ಕೆ 2.5. ಬರೀ 'ಅಷ್ಟಕ್ಕಷ್ಟೇ' ಎನ್ನುವುದನ್ನಷ್ಟೇ ನೋಡಿದರೆ, ಹಾಗೆಂದ ವಿಧವೆ ಒಬ್ಬಳೂ ಇರಲಿಲ್ಲ. ಆ ಕಾಲದ ಬಂಗಾಳದಲ್ಲಿ ವಿಧವೆಯರು ವಿಧುರರಿಗಿಂತ ಗಟ್ಟಿಮುಟ್ಟಾಗಿದ್ದರು ಎಂದು ನಂಬುವವರು ಯಾರು? ಅವರನ್ನೂ ಯಾರೋ ಪುಸ್ತಕ ಹಿಡಿದು ಕೇಳಿದ್ದರು. ಅವರೂ ಉತ್ತರ ಕೊಟ್ಟಿದ್ದರು. 'ಏನೂ ಇಲ್ಲಪ್ಪ, ಚೆನ್ನಾಗಿದ್ದೀನಿ.' ಕ್ಷಾಮಕ್ಕೂ ಕಾರಿನ ಹಾಡಿಗೂ ಎಲ್ಲಿಂದೆಲ್ಲಿಯ ಹೋಲಿಕೆ ಎಂದು ನೀವು ಹುಬ್ಬೇರಿಸಬಹುದು. ನೋವಿನ ಪ್ರಮಾಣ ಬೇರೆ, ಒಪ್ಪುತ್ತೇನೆ. ಉತ್ತರದ ಧಾಟಿ ಮಾತ್ರ ನನಗೆ ತೀರಾ ಪರಿಚಿತ.

ಹಾಗಾದರೆ ಹೊಂದಿಕೊಳ್ಳುವುದೇ ತಪ್ಪೇ? ಹೆಣ್ಣು ನೋಡಲು ಹೋದ ಮನೆಯಲ್ಲಿ "ಹುಡುಗಿ ಎಲ್ಲದಕ್ಕೂ ಅಡ್ಜಸ್ಟ್ ಮಾಡ್ಕೋತಾಳೆ" ಎನ್ನುವುದನ್ನು ಪದವಿ ಪ್ರಮಾಣಪತ್ರದ ಹಾಗೆ ಮುಂದಿಡುತ್ತಾರೆ, ಅದನ್ನು ಕೇಳಿ ನನಗೆ ಸಿಟ್ಟು ಬಂದದ್ದುಂಟು. ಆದರೆ ಯಾವುದಕ್ಕೂ ಹಟ ಹಿಡಿಯದ ಮನುಷ್ಯರ ಜೊತೆ ಬದುಕುವುದು ಎಷ್ಟು ಹಗುರ ಎಂಬುದೂ ನನಗೆ ಗೊತ್ತು. ಗೀತೆಯ ಎರಡನೆಯ ಅಧ್ಯಾಯದ ಸ್ಥಿತಪ್ರಜ್ಞನಿಗೂ ಇದು ಬೇಕು ಅದು ಬೇಡ ಎಂಬುದಿಲ್ಲ. ಅವನನ್ನು ಕಾರಿನ ಹಿಂದೆ ಕೂರಿಸಿ ಕೇಳಿದರೆ ಅವನೂ ಯಾವುದಾದರೂ ಆಗುತ್ತೆ ಎಂದೇ ಹೇಳಿಯಾನು. ಅವನ ಮಾತಿಗೂ ನಮ್ಮ ಮಾತಿಗೂ ಏನು ವ್ಯತ್ಯಾಸ? ನನಗೆ ತೋಚುವುದಿಷ್ಟು: ಅವನಿಗೆ ಬೇಕು ಎಂಬುದರ ರುಚಿ ಗೊತ್ತು, ಗೊತ್ತಿದ್ದು ದಾಟಿದವನು. ನನ್ನ ತಾಯಿ ಕಾವಲಿಯ ಮೊದಲ ದೋಸೆಯನ್ನು, ಆ ಹರಿದು ಸೀದದ್ದನ್ನು, ಸದಾ ತನಗೇ ಇಟ್ಟುಕೊಳ್ಳುತ್ತಿದ್ದಳು. ಅವಳಿಗೆ ಅದೇ ಇಷ್ಟ ಎಂದು ಮಕ್ಕಳು ನಾವೆಲ್ಲ ನಂಬಿದ್ದೆವು. ಅವಳೂ ನಂಬಿದ್ದಳು ಎಂದು ಈಗ ನನ್ನ ಅನುಮಾನ. ಬಿಟ್ಟುಕೊಡುವುದಕ್ಕೆ ಮೊದಲು ಕೈಯಲ್ಲೊಂದು ಇರಬೇಡವೇ?

ಇನ್ನೊಂದು ಮಾತು, ಇದನ್ನು ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ನನ್ನ 'ಯಾವುದಾದರೂ' ಅತ್ತೆಯದರಷ್ಟು ಶುದ್ಧವೂ ಅಲ್ಲ. ಆಯ್ಕೆ ಮಾಡಿದವರು ಅದರ ತಪ್ಪನ್ನೂ ಹೊರಬೇಕು. ಹೋಟೆಲಿನಲ್ಲಿ ಯಾವುದಾದರೂ ತರಿಸಿ ಎಂದು ಹೇಳಿ, ಬಂದದ್ದನ್ನು ತಟ್ಟೆಯ ಅಂಚಿಗೆ ತಳ್ಳಿ, ಏನಾಯಿತು ಎಂದರೆ ಏನಿಲ್ಲ ಎಂದು, ಆಮೇಲೆ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದವಳು ನಾನು. ನೀವೂ ಇರಬಹುದು. ಏನನ್ನೂ ಕೇಳದೆ ಇದ್ದುಕೊಂಡು, ಏನೂ ಸಿಗಲಿಲ್ಲ ಎಂಬ ಲೆಕ್ಕವನ್ನು ಮಾತ್ರ ಬರೆದಿಡುವುದು. ಇದು ಇಂಥ ಮನೆಗಳಲ್ಲಿ ಹೆಂಗಸರ ಉಳಿತಾಯ ಖಾತೆ. ಅದರ ಬಡ್ಡಿ ತೆರುವವರಿಗೆ ಸಾಲ ಮಾಡಿದ್ದೇ ತಿಳಿದಿರುವುದಿಲ್ಲ.

ಅತ್ತೆಯದು ಅಂಥದ್ದಲ್ಲ. ಆದರೆ ಅಲ್ಲಿಯೂ ಒಂದು ಇಕ್ಕಟ್ಟಿದೆ. ಅವರು ಸಹಿಸಿದ್ದು ನಮ್ಮ ತಪ್ಪಿನಿಂದ ಎಂದು ನಾನು ಗಲ್ಲ ಬಡಿದುಕೊಂಡರೆ, ಹತ್ತು ವರ್ಷ ಅವರು ನಮಗೆ ಕೊಟ್ಟದ್ದನ್ನು ಬರೀ ದಬ್ಬಾಳಿಕೆಯ ಲೆಕ್ಕಕ್ಕೆ ಬರೆದಂತಾಗುತ್ತದೆ. ನೋಡೋಕೆ ಚಂದ ಇತ್ತು ಎಂದ ಮಾತು ಸುಳ್ಳಾಗುತ್ತದೆ. ಅದು ಅವರ ಪ್ರೀತಿ ಎಂದು ಕೈಮುಗಿದುಬಿಟ್ಟರೆ, ನಾವು ಸುಲಭವಾಗಿ ಬಚಾವಾಗುತ್ತೇವೆ. ಇವೆರಡರ ನಡುವೆ ಎಲ್ಲಿ ನಿಲ್ಲಬೇಕು ಎಂದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಮುಂದಿನ ಸಲ ಊರಿಗೆ ಹೊರಟಾಗ ಬಾಗಿಲಿನ ಸ್ಪೀಕರುಗಳು ರಿಪೇರಿಯಾಗಿದ್ದವು. ಹೊಸ ಸೆಟ್ಟಿನಲ್ಲಿ ದನಿಯನ್ನು ಹಿಂದುಮುಂದು ಸರಿಸುವ ಏರ್ಪಾಡಿತ್ತು, ಪೂರ್ತಿ ಮುಂದಕ್ಕೆ ತಂದಿಟ್ಟಿದ್ದೆವು. ತಪ್ಪಿತಸ್ಥರ ಉತ್ಸಾಹದಲ್ಲಿ ಇವರು ಮತ್ತೆ ಮತ್ತೆ "ಅಮ್ಮ, ಏನು ಹಾಕ್ಲಿ, ಹೇಳು" ಎಂದು ಕೇಳಿದರು. ಮೂರು ಸಲವೂ ಅದೇ ಉತ್ತರ. ಮಗಳ ಕೈಯಲ್ಲಿ ಐಪಾಡಿತ್ತು, ವೈರು ಎರಡು ಸೀಟಿನ ನಡುವಿನಿಂದ ಮುಂದೆ ಬಂದಿತ್ತು. ಅವಳು ಅಜ್ಜಿಯ ಕಡೆ ಬಾಗಿ, "ಅಜ್ಜಿ, ದಾಸರ ಪದ ಹಾಕ್ಲಾ, ಹಳೇ ಸಿನಿಮಾ ಹಾಡು ಹಾಕ್ಲಾ, ಇಲ್ಲಾ ಆಫ್ ಮಾಡ್ಲಾ?" ಎಂದಳು.

ಅತ್ತೆ ಅವಳ ಮುಖವನ್ನೇ ನೋಡಿದರು. "ಆಫ್ ಮಾಡಬಹುದಾ?" ಎಂದರು.

ಆಫ್ ಆಯಿತು. ಅತ್ತೆ ತಮ್ಮ ಕಡೆಯ ಗಾಜನ್ನು ನಾಲ್ಕು ಬೆರಳು ಇಳಿಸಿದರು. ಮಳೆ ಆಗಷ್ಟೇ ನಿಂತಿತ್ತು. ಚಕ್ರದ ಕೆಳಗೆ ನೀರು ಹರಿಯುವ ಸದ್ದು, ಜೀರುಂಡೆ, ಎಲ್ಲೋ ಹೊಳೆ. ಇವರು ಏನು ಮಾಡಬೇಕೆಂದು ತಿಳಿಯದೆ ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತಿದ್ದರು. ಮಗಳು ಎರಡು ಸಲ ಆಕಳಿಸಿದಳು. ನನಗೂ ನಿಜ ಹೇಳಬೇಕೆಂದರೆ ಒಂಥರಾ ಚಡಪಡಿಕೆ. ಮಂಡಗದ್ದೆಯವರೆಗೆ ಯಾರೂ ಮಾತಾಡಲಿಲ್ಲ. ಅಲ್ಲಿ ಅತ್ತೆ ಗಾಜು ಏರಿಸಿ, "ಸಾಕು, ಇನ್ನು ನಿಮ್ಮದು ಹಾಕ್ಕೊಳಿ" ಎಂದರು.

ಅಂದಿನಿಂದ ಗಾಜನೂರಿನಿಂದ ಮಂಡಗದ್ದೆಯವರೆಗಿನ ದಾರಿ ಅಜ್ಜಿಯದು ಎಂದು ಮಗಳು ಕಾನೂನು ಮಾಡಿದಳು. ಅವಳು ಇಲ್ಲದಾಗ ನಾವು ಒಂದೆರಡು ಸಲ ಅದನ್ನು ಮರೆತದ್ದೂ ಉಂಟು. ಅತ್ತೆ ನೆನಪಿಸಲಿಲ್ಲ. 2014ರಲ್ಲಿ ಅವರು ತೀರಿಕೊಂಡರು. ಎರಡು ವರ್ಷದ ಮೇಲೆ ಕಾರನ್ನು ಸೆಟ್ಟಿನ ಸಮೇತ ಮಾರಿದೆವು. ಐಪಾಡ್ ತಯಾರಿಕೆಯೂ 2022ರಲ್ಲಿ ನಿಂತುಹೋಯಿತಂತೆ. ಮಗಳದು ಯಾವುದೋ ಡ್ರಾಯರಿನಲ್ಲಿ ಬ್ಯಾಟರಿ ಸತ್ತು ಕೂತಿದೆ. ಈಗಿನ ಕಾರಿನಲ್ಲಿ ವೈರೂ ಬೇಡ, ತೂತೂ ಬೇಡ. ಒಳಗೆ ಕೂತ ಕೂಡಲೇ ಯಾರ ಫೋನನ್ನು ಅದು ಮೊದಲು ಗುರುತಿಸುತ್ತದೋ ಅವರ ಹಾಡು.

ಕಳೆದ ದೀಪಾವಳಿಗೆ ಊರಿಗೆ ಹೋಗುವಾಗ ಮಗಳೇ ಕಾರು ಓಡಿಸುತ್ತಿದ್ದಳು. ಮಂಡಿನೋವಿನಿಂದ ಕಾಲು ಚಾಚಲು ಅನುಕೂಲವೆಂದು ನಾನು ಹಿಂದೆ ಕೂತಿದ್ದೆ. ಊರು ದಾಟಿದ ಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ, "ಅಮ್ಮ, ಏನು ಹಾಕ್ಲಿ?" ಎಂದಳು. ಉತ್ತರ ನಾಲಿಗೆಯ ತುದಿಗೆ ಬಂದೇ ಬಂತು. ನುಂಗಿಕೊಂಡೆ. ಆಫ್ ಮಾಡು ಎನ್ನೋಣವೇ ಎಂದುಕೊಂಡೆ; ಅದು ಅತ್ತೆಗೆ ಬೇಕಾಗಿದ್ದದ್ದು, ನನಗಲ್ಲ. ಮುಖೇಶ್, ಅಶ್ವಥ್ ಇವರದು. ನನ್ನದು ಯಾವುದು? ಮದುವೆಗೆ ಮುಂಚೆ ಹಾಸ್ಟೆಲಿನಲ್ಲಿ ಒಂದು ಹಾಡಿತ್ತು, ರೇಡಿಯೋದಲ್ಲಿ ಅದು ಬಂದರೆ ಓಡಿಹೋಗಿ ಕೂರುತ್ತಿದ್ದೆ. ಅದರ ಮೊದಲ ಸಾಲು ನೆನಪಾಗುತ್ತಿಲ್ಲ, ರಾಗ ಮಾತ್ರ ಅರ್ಧಂಬರ್ಧ. ಮಗಳು ಇನ್ನೊಮ್ಮೆ ಕೇಳಲಿಲ್ಲ, ತಾನಾಗಿ ಏನನ್ನೂ ಹಾಕಲೂ ಇಲ್ಲ. ಕಾಯುತ್ತಿದ್ದಳು. ನಾನು ಗುನುಗಿ ಗುನುಗಿ ನೋಡುತ್ತಿದ್ದಂತೆಯೇ ಸಕ್ರೆಬೈಲು ದಾಟಿತು.